ಕಾಲು ತಾಗಿದ ಮೇಲೆ

ಇಂಡಿ ರೋಡ್ ಸ್ಟೇಶನ್

ನನ್ನನ್ನು ಇಂಗ್ಲೆಂಡಿಗೆ ಕಳಿಸಿಕೊಡಲು ಬಂದವರಲ್ಲಿ ಯಾರೂ ಅಳಲಿಲ್ಲ. ನಮ್ಮ ಕಡೆಯ ಮಂದಿ ಸ್ಟೇಶನ್ನಿಗೆ ಬಂದರೆ ಅಳುವುದು ಕಡಿಮೆ, ಬುದ್ಧಿ ಹೇಳುವುದು ಹೆಚ್ಚು. ಅಲ್ಲಿ ಚಳಿ ವಿಪರೀತವಂತೆ, ಎರಡೆರಡು ಸ್ವೆಟರ್ ಹಾಕಿಕೋ ಎಂದರು. ಅಲ್ಲಿಯ ಅಡಿಗೆಯಲ್ಲಿ ಏನೇನು ಬಿದ್ದಿರುತ್ತದೋ, ಕೇಳದೆ ಉಣ್ಣಬೇಡ ಎಂದರು. ಮುದ್ದೇಬಿಹಾಳಕ್ಕೆ ಕೊಟ್ಟ ನನ್ನ ಅಕ್ಕ ಖಡಕ್ ರೊಟ್ಟಿಯ ಗಂಟನ್ನು ಮಡಿಲಿಗೆ ಹಾಕಿ, "ಒಡೀಲಾರದಂಗ ಒಯ್ಯಿ, ವಿಮಾನದಾಗ ಕುಲಕಾಡತೈತಂತ" ಎಂದಳು. ಅವಳಿಗೆ ತಂಗಿಗಿಂತ ರೊಟ್ಟಿಯ ಚಿಂತೆ ಹೆಚ್ಚಾಗಿತ್ತು.

ಇದು ಎಪ್ಪತ್ತರ ದಶಕದ ಮಾತು. ನಾನು ಸಿಂದಗಿ ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ್ದು ಬಸವನ ಬಾಗೇವಾಡಿ. ಕಬ್ಬಿನ ಬಂಡಿ ಮಗುಚಿ ತೊಡೆ ಮುರಿದುಕೊಂಡವರು, ಬೇವಿನ ಗಿಡದಿಂದ ಬಿದ್ದು ಮುಂಗೈ ಮುರಿದುಕೊಂಡವರು, ಬಸ್ಸಿನ ಮಾಳಿಗೆಯಿಂದ ತೊಗರಿ ಚೀಲದೊಂದಿಗೇ ಕೆಳಗೆ ಬಂದವರು, ಇವರೇ ನಮ್ಮ ಎಲುಬಿನ ರೋಗಿಗಳು. ಪ್ಲಾಸ್ಟರ್ ಹಾಕಲು ಅಷ್ಟಿಷ್ಟು ಬರುತ್ತಿತ್ತು. ಅದನ್ನು ಸರಿಯಾಗಿ ಕಲಿತು ಬಾ ಎಂದು ಒಂದು ಧರ್ಮಾರ್ಥ ಸಂಸ್ಥೆ ಕೆಲವು ತಿಂಗಳ ಮಟ್ಟಿಗೆ ನನ್ನನ್ನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿಗೆ ಕಳಿಸುತ್ತಿತ್ತು.

ರೈಲು ಕದಲುವ ಹೊತ್ತಿಗೆ ಅವ್ವ ಕಿಟಕಿಯ ಸರಳು ಹಿಡಿದುಕೊಂಡು ತನ್ನ ಬುದ್ಧಿಮಾತನ್ನು ಹೇಳಿದಳು.

"ನೀಲಾ, ಹೊರಗಿನ ದೇಶ. ಯಾರ ಮೈಗೂ ಕಾಲ ತಾಗಸಬ್ಯಾಡ. ತಪ್ಪಿ ತಾಗಿತಂದ್ರ ಮುಟ್ಟಿ ಕಣ್ಣಿಗಿ ಒತ್ತಿಕೋ. ಅವರಿಗಿ ತಿಳೀಲಿ ಬಿಡ್ಲಿ, ನಮಗ ತಿಳದಿರ್ತೈತಲ್ಲ."

ಮೂವತ್ತು ದಾಟಿದ ಮಗಳಿಗೆ ಪರದೇಶಕ್ಕೆ ಹೋಗುವಾಗ ಹೇಳುವ ಮಾತು ಇದೇನಾ ಎಂದು ನನಗೆ ತುಸು ಸಿಟ್ಟೇ ಬಂದಿತ್ತು.

ಉತ್ತರಕ್ಕೆ ಹೋಗುವ ರೈಲು

ವಿಮಾನದ ಬಗ್ಗೆ ಬರೆಯುವುದಿಲ್ಲ. ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ. ಕಣ್ಣು ಬಿಟ್ಟದ್ದು ಲಂಡನ್ನಿನ ಸುಂಕದ ಅಧಿಕಾರಿಯ ಎದುರಿಗೆ. ಆತ ರೊಟ್ಟಿಯ ಗಂಟು ಬಿಚ್ಚಿಸಿ, ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಬೆರಳ ಗಂಟಿನಿಂದ ಕಟಕಟ ಬಡಿದು ನೋಡಿ, ಇದನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿದ. ತಿನ್ನುವುದಕ್ಕೆ ಎಂದೆ. ಬಹಳ ಮರ್ಯಾದೆಯಿಂದ ಮತ್ತೆ ಗಂಟು ಕಟ್ಟಿಕೊಟ್ಟ. ನಂಬಿದಂತೆ ಕಾಣಲಿಲ್ಲ.

ಅಲ್ಲಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿದೆ. ಎದುರಿಗೆ ಒಬ್ಬ ವಯಸ್ಸಾದ ಗೃಹಸ್ಥ ಪೇಪರ್ ಓದುತ್ತ ಕುಳಿತಿದ್ದ. ಜೀವಮಾನವಿಡೀ ಚಪ್ಪಲಿ ಮೆಟ್ಟಿದವಳಿಗೆ ಹೊಸ ಬೂಟಿನ ಅಳತೆ ಎಲ್ಲಿ ಗೊತ್ತಾಗಬೇಕು? ಕಾಲು ಚಾಚಿದೆ, ಬೂಟಿನ ತುದಿ ಆತನ ಕಣಕಾಲಿಗೆ ತಟ್ಟಿತು. ಅವ್ವನ ಮಾತು ನೆನಪಾಗುವ ಮೊದಲೇ ಕೈ ತನ್ನ ಕೆಲಸ ಮಾಡಿತ್ತು. ಬಗ್ಗಿ ಆತನ ಬೂಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಆತ ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದ. ತನ್ನ ಬೂಟನ್ನು ನೋಡಿಕೊಂಡ. ಲೇಸು ಬಿಚ್ಚಿದೆಯೋ ಎಂದು ಪರೀಕ್ಷಿಸಿದ. ಕೊನೆಗೆ ಕೆಂಪಗಾಗಿ, "ಸಾರಿ" ಎಂದ.

ಕಾಲು ತಾಗಿಸಿದವಳು ನಾನು, ಸಾರಿ ಎಂದವನು ಅವನು! ಆಮೇಲೆ ಗಮನಿಸುತ್ತ ಹೋದೆ. ಟಿಕೆಟ್ ನೋಡಲು ಬಂದವನು ಸಾರಿ ಎಂದ. ಚಹಾದ ಗಾಡಿ ತಳ್ಳುವವಳು ಸಾರಿ ಎಂದಳು. ಬಾಗಿಲಲ್ಲಿ ಇಬ್ಬರು ಎದುರುಬದುರಾದರೆ ಇಬ್ಬರೂ ಸಾರಿ ಎನ್ನುತ್ತಿದ್ದರು. ನಮ್ಮ ಬಿಜಾಪುರ ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಕುಳಿತರೂ ಯಾರೂ ಏನೂ ಅನ್ನುವುದಿಲ್ಲ. ಇವರು ಗಾಳಿ ತಾಗಿದರೂ ಕ್ಷಮೆ ಕೇಳುತ್ತಾರಲ್ಲ, ಎಂಥ ಒಳ್ಳೆಯ ಜನ ಎಂದುಕೊಂಡೆ.

ಸ್ಟೇಶನ್ನಿನಲ್ಲಿ ಡಾಕ್ಟರ್ ಮಕಾನದಾರ ನಿಂತಿದ್ದರು. ಇಂಡಿಯವರು. ನಾನು ಕೆಲಸ ಕಲಿಯಬೇಕಿದ್ದ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ಬಹಳ ವರ್ಷಗಳಿಂದ ಇದ್ದವರು. ಸಂಸ್ಥೆಯವರು ನನ್ನನ್ನು ಅವರ ಸುಪರ್ದಿಗೆ ಒಪ್ಪಿಸಿದ್ದರು.

"ಬರ್ರಿ ನರ್ಸಬಾಯಿ. ಸಿಂದಗಿಯವ್ರೇನ್ರಿ?"

"ಕೆಲಸ ಸಿಂದಗಿ, ಊರು ಬಾಗೇವಾಡಿರಿ."

"ಹಂಗಾದ್ರ ಮಗ್ಗಲದವ್ರ ಆದ್ರಲ್ಲ. ರೊಟ್ಟಿ ತಂದೀರೇನು?"

ಅವರು ಪ್ಲಾಟ್‌ಫಾರ್ಮಿನ ಚಳಿಯಲ್ಲಿ ನಿಂತುಕೊಂಡೇ ಒಂದು ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ತಿಂದರು. ಕಣ್ಣಲ್ಲಿ ನೀರು ಬಂತು. ಚಟ್ನಿ ಖಾರ ಇದೆ ಎಂದರು. ಅಕ್ಕನ ಚಟ್ನಿ ಎಂದೂ ಖಾರ ಇರುವುದಿಲ್ಲ. ರೈಲಿನಲ್ಲಿ ಬೂಟು ಮುಟ್ಟಿದ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದೆಲ್ಲ ಇಲ್ಲಿ ಬ್ಯಾಡ್ರಿ. ಸಾರಿ ಅಂದ್ರ ಮುಗೀತು."

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಊರಿನ ಇಂಗ್ಲಿಷು ನಾವು ಸಾಲೆಯಲ್ಲಿ ಕಲಿತ ಇಂಗ್ಲಿಷಲ್ಲ. ಒರಟು, ಅವಸರ, ಅರ್ಧ ಅಕ್ಷರ ನುಂಗುತ್ತಾರೆ. ಲಂಡನ್ನಿನವರು ಅವರ ಮಾತು ಕೇಳಿ ನಗುತ್ತಾರಂತೆ, ಬೆಂಗಳೂರಿನವರು ನಮ್ಮ ಮಾತಿಗೆ ನಗುವ ಹಾಗೆ. ತರಕಾರಿಯವನಿಂದ ಹಿಡಿದು ರೋಗಿಗಳವರೆಗೆ ಎಲ್ಲರೂ ನನ್ನನ್ನು 'ಲವ್' ಎಂದು ಕರೆಯುತ್ತಿದ್ದರು. ಮೊದಲ ದಿನ ಗಾಬರಿಯಾಗಿ ಮಕಾನದಾರರ ಹತ್ತಿರ ದೂರು ಒಯ್ದೆ. "ಅದು ನಾವು ಅಕ್ಕಾರ ಅಂತೇವಲ್ಲ, ಹಂಗರಿ" ಎಂದರು. ಹಾಗಾಗಿ ಅಲ್ಲಿಯವರ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸಿದ್ದು.

ಎಲುಬಿನ ವಾರ್ಡು

ಆ ಊರಿನಲ್ಲಿ ಕಲ್ಲಿದ್ದಲ ಗಣಿ, ಅದರ ಹೊಗೆ, ಒಂದರ ಬೆನ್ನಿಗೊಂದು ಹತ್ತಿಕೊಂಡ ಕೆಂಪು ಇಟ್ಟಿಗೆಯ ಮನೆಗಳು, ಮತ್ತು ಫುಟ್ಬಾಲು. ಶನಿವಾರ ಊರಿಗೆ ಊರೇ ಮೈದಾನಕ್ಕೆ ಹೋಗುತ್ತದೆ. ಆಡುವವರಿಗೆ ಆಟವೇ ನೌಕರಿ. ಕಾಲೇ ಹತಾರ. ನಮ್ಮ ಕಡೆ ಕಾಲಿಗೆ ಇಷ್ಟು ಬೆಲೆ ಬರುವುದು ಎತ್ತಿನ ಸಂತೆಯಲ್ಲಿ ಮಾತ್ರ. ಇಲ್ಲಿ ಮನುಷ್ಯರ ಮೊಣಕಾಲನ್ನು ಹಾಗೆ ಒತ್ತಿ, ಮಡಿಸಿ, ಓಡಿಸಿ ನೋಡುತ್ತಿದ್ದರು.

ಆ ಕ್ಲಬ್ಬಿನ ಆಟಗಾರರೆಲ್ಲ ಒಂದಲ್ಲ ಒಂದು ದಿನ ನಮ್ಮ ವಾರ್ಡಿಗೆ ಬರುವವರೇ. ಮೊಣಕಾಲಿನ ಎರಡು ಎಲುಬುಗಳ ನಡುವೆ ಮೆತ್ತೆಯ ಹಾಗೆ ಒಂದು ಮೆದು ಎಲುಬು ಇರುತ್ತದೆ. ಕಾಲು ನೆಲದಲ್ಲಿ ನಾಟಿ, ಮೈ ತಿರುಗಿದರೆ ಅದು ಹರಿಯುತ್ತದೆ. ಆಗಿನ ಕಾಲದಲ್ಲಿ ಮೊಣಕಾಲು ಕೊಯ್ದು ಅದನ್ನು ಪೂರ್ತಿ ತೆಗೆದುಹಾಕುತ್ತಿದ್ದರು. ಒಬ್ಬ ಹುಡುಗ ತನ್ನದನ್ನು ಗಾಜಿನ ಭರಣಿಯಲ್ಲಿ ಹಾಕಿಸಿಕೊಂಡು ತಲೆದೆಸೆಗೆ ಇಟ್ಟುಕೊಂಡಿದ್ದ. ನೋಡಲು ಬಂದವರಿಗೆಲ್ಲ ಉಪ್ಪಿನಕಾಯಿ ತೋರಿಸಿದ ಹಾಗೆ ತೋರಿಸುತ್ತಿದ್ದ. ಅವನಿಗೆ ಅದು ಬಹುಮಾನ.

ಅದರ ಮುಂದಿನ ಅಧ್ಯಾಯ ಹೊರರೋಗಿಗಳ ಬೆಂಚಿನ ಮೇಲೆ ಕುಳಿತಿರುತ್ತಿತ್ತು. ಹಿಂದೊಮ್ಮೆ ಅದೇ ಕ್ಲಬ್ಬಿಗೆ ಆಡಿದ ಒಬ್ಬ, ಐವತ್ತೂ ಆಗಿರಲಿಲ್ಲ, ಗೋಡೆ ಹಿಡಿದು ಬರುತ್ತಿದ್ದ. ಆಟದ ನಡುವೆ ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಂಡು, ನೋವು ಸತ್ತ ಕಾಲಿನಲ್ಲೇ ಮತ್ತೆ ಓಡುತ್ತಿದ್ದನಂತೆ. ಈಗ ಸತ್ತ ನೋವೆಲ್ಲ ಎದ್ದು ಕುಳಿತಿತ್ತು. ಅವನು ನಡೆಯುವಾಗ ಮೊಣಕಾಲಿನೊಳಗೆ ಎಲುಬಿಗೆ ಎಲುಬು ತಿಕ್ಕುವ ಸದ್ದು ನನಗೆ ಕೇಳುತ್ತಿತ್ತು. ನನಗೆ ಬಹಳ ಸಂಕಟವಾಗುತ್ತಿತ್ತು. ಆಟ ನೋಡಿ ಕೂಗಿದವರಲ್ಲಿ ಒಬ್ಬರಾದರೂ ಅವನಿಗೆ ಕುರ್ಚಿ ಬಿಟ್ಟುಕೊಡುತ್ತಾರೇನೋ ಎಂದು ನೋಡುತ್ತಿದ್ದೆ.

ನನ್ನ ಪಾಲಿಗೆ ಬಂದ ರೋಗಿ ರಾಯ್. ಇಪ್ಪತ್ತೆಂಟರ ಆಸುಪಾಸಿನ ಗಂಡಸು, ಮೈದಾನದ ಅಂಚಿನ ಗೆರೆಗುಂಟ ಓಡುವವನು, ಓಟದಲ್ಲಿ ಊರಿನ ಎಲ್ಲರಿಗಿಂತ ಜೋರು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದು, ಒಂದರ ತುದಿ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ಗಾಯ ಕೀವಾಗಿ ತಿಂಗಳುಗಟ್ಟಲೆ ಮಲಗಿದ್ದ. ಮಕಾನದಾರರು ಅವನ ಎಕ್ಸ್‌ರೇ ಕಿಟಕಿಗೆ ಹಿಡಿದು ತೋರಿಸಿದಾಗ ನನಗೆ ಬರಿಯ ಬಿಳಿ ಗೀರು ಕಂಡಿತು.

"ನಮ್ಮ ಇಂಡಿ ಮಗ್ಗಲದ ಸಾಲೋಟಗಿ ಶಾಸನ ನೋಡೀರೇನ್ರಿ? ಮಾಸ್ತರು ಇದು ಅಕ್ಷರ ಅಂತಿದ್ರು, ನಮಗ ಕಲ್ಲ ಅಷ್ಟ ಕಾಣ್ತಿತ್ತು. ಇದೂ ಹಂಗ. ನೋಡಿ ನೋಡಿ ಓದಾಕ ಬರತೈತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಇಲ್ಲಿ ಬರದದ್ದು ಚಲೋ ಇಲ್ರಿ. ಕಾಲ ಕೂಡತೈತಿ. ಆದ್ರ ಓಡತೈತೋ ಇಲ್ಲೋ, ಪ್ಲಾಸ್ಟರ್ ತಗದಮ್ಯಾಲ ತಿಳೀತೈತಿ" ಎಂದರು.

ರಾಯ್‌ಗೂ ಅದು ಗೊತ್ತಿತ್ತು. ಪ್ಲಾಸ್ಟರಿನಿಂದ ಹೊರಗೆ ಕಾಣುವ ಬೆರಳುಗಳನ್ನು ದಿನವಿಡೀ ಅಲುಗಾಡಿಸುತ್ತಿದ್ದ. ನಾನು ಕೊಟ್ಟ ಖಡಕ್ ರೊಟ್ಟಿಯನ್ನು ಪ್ಲಾಸ್ಟರಿಗೆ ಬಡಿದು, ಎರಡೂ ಒಂದೇ ಸದ್ದು ಮಾಡುತ್ತವೆ ಎಂದು ವಾರ್ಡಿನವರನ್ನೆಲ್ಲ ನಗಿಸಿದ್ದ. ಆದರೆ ವಾರ್ಡಿನ ಗಾಜಿನ ಬಾಗಿಲ ಆಚೆ ಒಬ್ಬ ಎತ್ತರದ ಮನುಷ್ಯ ಬಂದು ನಿಂತರೆ ಅವನ ನಗು ಅಲ್ಲಿಗೇ ನಿಲ್ಲುತ್ತಿತ್ತು. ಮುಖ ಗೋಡೆಗೆ ತಿರುಗಿಸುತ್ತಿದ್ದ. ಆ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು ಹೋಗಿಬಿಡುತ್ತಿದ್ದ.

ಅವನು ಅಲನ್. ಅದೇ ಕ್ಲಬ್ಬಿನವನು. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಅಲನ್ನನ ಕೆಲಸ ಎದುರಾಳಿ ಚೆಂಡು ಒಯ್ಯುವಾಗ ಜಾರಿ ಬಂದು ಕಾಲು ಹಾಕಿ ಕಸಿದುಕೊಳ್ಳುವುದು. ನಮ್ಮಲ್ಲಿ ಅಡ್ಡಗಾಲು ಹಾಕುವವನನ್ನು ಯಾರೂ ಒಳ್ಳೆಯವನೆನ್ನುವುದಿಲ್ಲ, ಅಲ್ಲಿ ಅದಕ್ಕೇ ಸಂಬಳ. ಪಂದ್ಯದಲ್ಲೂ ಅಲ್ಲ, ಬರೀ ಅಭ್ಯಾಸದ ಆಟದಲ್ಲಿ, ಒದ್ದೆ ಹುಲ್ಲಿನ ಮೇಲೆ ಅವನು ಹಾಕಿದ ಕಾಲು ಚೆಂಡಿನ ಬದಲು ಗೆಳೆಯನ ಕಾಲಿಗೆ ಬಿದ್ದಿತ್ತು.

"ಪಾಪ, ದಿನಾ ಬರ್ತಾನ. ಒಂದ ಮಾತ ಆಡ್ಸಬಾರದೇನ್ರಿ?" ಎಂದು ಒಂದು ದಿನ ಕೇಳಿದೆ.

ರಾಯ್ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದ.

"ಮೊದಲನೇ ದಿನ ಒಳಗ ಬಂದಿದ್ದ, ಅಕ್ಕಾರ. ಸಾರಿ ಅಂದ. ಬಸ್ಸಿನಾಗ ಬೂಟ ತುಳದ್ರೂ ಸಾರಿ, ನನ್ನ ಕಾಲ ಮುರದ್ರೂ ಸಾರಿ. ಎರಡಕ್ಕೂ ಅದ ಮಾತಾದ್ರ, ಅದನ್ನ ಇಟ್ಕೊಂಡು ನಾ ಏನ ಮಾಡ್ಲಿ?"

ರೈಲಿನಲ್ಲಿ ನಾನು ಮೆಚ್ಚಿಕೊಂಡಿದ್ದ ಆ ಮಾತಿನ ಬಗ್ಗೆ ಅಂದು ಮೊದಲ ಬಾರಿಗೆ ಅನುಮಾನ ಹುಟ್ಟಿತು.

ಮೈದಾನದ ಗೆರೆ

ಆ ಚಳಿಗಾಲದಲ್ಲಿ ಗಣಿಯವರ ಮುಷ್ಕರ ನಡೆದಿತ್ತು. ಕಲ್ಲಿದ್ದಲಿಲ್ಲದೆ ಕರೆಂಟು ಹೊತ್ತಿಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು. ಊರಿನವರು ಅದೊಂದು ಪ್ರಳಯ ಎಂಬಂತೆ ಮಾತಾಡುತ್ತಿದ್ದರು. ನನಗೋ, ಕರೆಂಟು ಹೋದಾಗೊಮ್ಮೆ ನಮ್ಮೂರೇ ಬಂದು ಪಕ್ಕದಲ್ಲಿ ಕುಳಿತಂತಾಗುತ್ತಿತ್ತು. ದೀಪ ಹಾಕುವಂತಿಲ್ಲವೆಂದು ಪಂದ್ಯಗಳನ್ನು ಹಗಲಿನಲ್ಲೇ ಆಡಿ ಮುಗಿಸುತ್ತಿದ್ದರು.

ಒಂದು ಶನಿವಾರ ಮಕಾನದಾರರು ನನ್ನನ್ನು ಮೈದಾನಕ್ಕೆ ಕರೆದೊಯ್ದರು. ವಾರ್ಡಿನ ಸಿಬ್ಬಂದಿಯೆಂದು ಅಂಚಿನ ಗೆರೆಯ ಹತ್ತಿರವೇ ಜಾಗ ಕೊಟ್ಟರು. ನೆಲ ಕೆಸರು. ಕಬಡ್ಡಿಯಲ್ಲಿ ನಮ್ಮ ಹುಡುಗರು ಬೀಳುತ್ತಾರೆ, ಏಳುತ್ತಾರೆ. ಆದರೆ ಬೂಟಿನ ತಳದ ಮೊಳೆಗಳೊಂದಿಗೆ ಒಬ್ಬರ ಕಾಲಿನ ಮೇಲೆ ಒಬ್ಬರು ಬೀಳುವುದನ್ನು ಅಂದೇ ನೋಡಿದ್ದು. ಯಾರಾದರೂ ಬಿದ್ದು ಒದ್ದಾಡಿದರೆ ಒಬ್ಬ ಮುದುಕ ಬಕೆಟ್ಟು ಹಿಡಿದು ಓಡಿಬಂದು, ತಣ್ಣೀರಿನ ಸ್ಪಂಜನ್ನು ಪೆಟ್ಟಿನ ಮೇಲೆ ಹಿಂಡುತ್ತಿದ್ದ. ಬಿದ್ದವನು ಎದ್ದು ಕುಂಟುತ್ತ ಓಡುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಮಾತ್ರ ಆ ಕುಂಟು ಕಾಲನ್ನೇ ನೋಡುತ್ತಿದ್ದೆ. ನಾಳೆ ನಮ್ಮ ವಾರ್ಡಿಗೆ ಬರುವವರು ಯಾರು ಯಾರು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಚೆಂಡು ಗೆರೆ ದಾಟಿ ಉರುಳುತ್ತ ಬಂದು ನನ್ನ ಬೂಟಿಗೆ ತಾಗಿ ನಿಂತಿತು.

"ಒದೀರಿ ಅಕ್ಕಾರ, ಒದೀರಿ!" ಎಂದು ಹಿಂದಿನಿಂದ ನೂರು ಗಂಟಲು ಕೂಗಿದವು. ನಾನು ಬಗ್ಗಿದೆ. ಕಾಲು ತಾಗಿದ ಚೆಂಡನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಎರಡೂ ಕೈಯಲ್ಲಿ ಎತ್ತಿ, ಗೆರೆಯ ಹತ್ತಿರ ಬಂದ ಆಟಗಾರನಿಗೆ ಪ್ರಸಾದ ಕೊಟ್ಟ ಹಾಗೆ ಕೊಟ್ಟೆ. ಇಡೀ ಸ್ಟ್ಯಾಂಡು ನಕ್ಕ ನಗು ಸಿಂದಗಿಗೆ ಕೇಳಿಸಿರಬೇಕು. ಮಕಾನದಾರರು ಕೋಟಿನ ಕಾಲರಿನಲ್ಲಿ ಮುಖ ಮುಚ್ಚಿಕೊಂಡರು. ಚೆಂಡೆಲ್ಲ ಕೆಸರಾಗಿದ್ದರಿಂದ ನನ್ನ ಹುಬ್ಬಿನ ಮೇಲೂ ಕೆಸರು ಹತ್ತಿತ್ತು.

ನಗದೇ ಇದ್ದವನು ಒಬ್ಬನೇ. ಗೆರೆಯ ಪಕ್ಕದ ಬೆಂಚಿನ ಮೇಲೆ ಓವರ್‌ಕೋಟು ಹಾಕಿಕೊಂಡು ಕುಳಿತಿದ್ದ ಅಲನ್. ಗಾಜಿನ ಬಾಗಿಲಲ್ಲಿ ನನ್ನ ಮುಖ ಅವನಿಗೆ ಪರಿಚಯವಾಗಿತ್ತು. ಎದ್ದು ಬಂದು, ನೀವು ಈಗ ಮಾಡಿದ್ದೇನು ಎಂದು ಕೇಳಿದ. ಹೇಳಿದೆ. ನಮ್ಮಲ್ಲಿ ಕಾಲು ಯಾರಿಗೆ, ಯಾವುದಕ್ಕೆ ತಾಗಿದರೂ ಹೀಗೆ ಮಾಡುತ್ತೇವೆ, ಮನುಷ್ಯರಿಗೂ ಪುಸ್ತಕಕ್ಕೂ ಕಾಳಿನ ರಾಶಿಗೂ ಎಂದೆ.

"ತಪ್ಪಿ ಆಗಿದ್ರ ಅಷ್ಟನೋ, ಬೇಕಂತ ಮಾಡಿದ್ರೂನೋ?"

"ಬೇಕಂತ ಯಾರ ಒದೀತಾರ್ರಿ? ತಪ್ಪಿ ತಾಗಿದ್ದಕ್ಕ ಇದು."

ಅವನು ಮೈದಾನದ ಕಡೆ ನೋಡುತ್ತ ನಿಂತ. ನೀವು ಯಾಕೆ ಆಡುತ್ತಿಲ್ಲ ಎಂದು ಕೇಳಿದೆ, ನಿಮ್ಮ ಕಾಲಿಗೇನಾಗಿದೆ ಎಂದೆ.

"ಕಾಲಿಗೇನೂ ಆಗಿಲ್ರಿ. ಎಕ್ಸ್‌ರೇ ತಗದ ನೋಡಿದ್ರು, ಕಲ್ಲಿನಂಗ ಐತಿ. ಆದ್ರ ಕಾಲ ಹಾಕಾಕ ಹೋದ್ರ ಆ ಸಪ್ಪಳ ಕೇಳತೈತಿ. ಒಣ ಕಟ್ಟಿಗಿ ಮುರದಂಗ. ಕಾಲ ಅಲ್ಲೇ ನಿಲ್ಲತೈತಿ. ಕಾಲ ಹಾಕಲಾರದವನ್ನ ಕ್ಲಬ್ಬಿನವ್ರು ಎಷ್ಟ ದಿನ ಇಟ್ಕೋತಾರ?"

ಒಬ್ಬನ ಮುರಿತ ಪ್ಲಾಸ್ಟರಿನೊಳಗಿತ್ತು. ಇವನದನ್ನು ಯಾವ ಪ್ಲಾಸ್ಟರಿನಲ್ಲಿ ಸುತ್ತಬೇಕೋ ನನಗೆ ತಿಳಿಯಲಿಲ್ಲ.

ನಾನು ಚೆಂಡಿಗೆ ಕೈ ಮುಗಿದ ಸುದ್ದಿ ಸೋಮವಾರದ ಹೊತ್ತಿಗೆ ವಾರ್ಡು ಮುಟ್ಟಿತ್ತು. ಭರಣಿಯ ಹುಡುಗ ತನ್ನ ಸೇಬನ್ನು ಕಣ್ಣಿಗೆ ಒತ್ತಿಕೊಂಡು ನನ್ನನ್ನು ಕಾಡಿದ. ರಾಯ್ ಎಲ್ಲ ವಿವರ ಕೇಳಿಕೊಂಡ. ಅಲನ್ ಕೇಳಿದ್ದನ್ನೂ ಹೇಳಿದೆ. ಆಮೇಲೆ, ನಾನು ಹಾಸಿಗೆ ಸರಿಪಡಿಸುವಾಗ, ಕೇಳಿದ.

"ಹಂಗ ಒತ್ತಿಕೊಂಡ ಮ್ಯಾಲ, ತಾಗಿಸಿಕೊಂಡಾವ ಏನಂತಾನ?"

"ಇರ್ಲಿ ಬಿಡ ಅಂತಾನ."

"ಇಲ್ಲೀ ಬೀಡಾ" ಎಂದು ಆ ಕನ್ನಡ ಮಾತನ್ನು ನಾಲಿಗೆ ಹೊರಳದೆ ತಾನೂ ಅಂದು ನೋಡಿದ.

"ಹೂಂ, ಹಂಗ."

"ಅನ್ನಾಕ ಮನಸ್ಸಿಲ್ಲದಿದ್ರ?"

ಎಂದೂ ನಾನು ಅದನ್ನು ಯೋಚಿಸಿರಲಿಲ್ಲ. ಅನ್ನದವರನ್ನು ನಾನು ನೋಡಿಲ್ಲ ಎಂದೆ. ರಾಯ್ ಬೆರಳು ಅಲುಗಾಡಿಸುವುದನ್ನು ನಿಲ್ಲಿಸಿ ಚಾವಣಿ ನೋಡುತ್ತ ಮಲಗಿದ.

ಪ್ಲಾಸ್ಟರ್ ಕೋಣೆ

ಪ್ಲಾಸ್ಟರ್ ತೆಗೆಯುವ ದಿನ ಬಂತು. ದೊಡ್ಡ ಸರ್ಜನ್ನರು ನೋಡಲು ಬರುವವರಿದ್ದರು. ಅಲ್ಲಿ ಪ್ಲಾಸ್ಟರನ್ನು ಕರೆಂಟಿನ ಗರಗಸದಿಂದ ಕೊಯ್ಯುತ್ತಾರೆ. ಅದು ಗುಂಯ್ ಎಂದು ಶುರುವಾಗುತ್ತಿದ್ದಂತೆ ಕರೆಂಟು ಹೋಯಿತು. ಎಲ್ಲರೂ ಒಬ್ಬರಿಗೊಬ್ಬರು ಸಾರಿ ಎಂದರು. ಕೊನೆಗೆ ಹಳೆಯ ದೊಡ್ಡ ಕತ್ತರಿ ಹುಡುಕಿ ತಂದು, ಮಕಾನದಾರರು ಒಂದು ಕಡೆ, ನಾನು ಒಂದು ಕಡೆ, ಸಿಂದಗಿಯ ಹಾಗೆಯೇ ಕತ್ತರಿಸಿದೆವು. ಪ್ಲಾಸ್ಟರು ಎರಡು ಹೋಳಾಗಿ ಬಿಚ್ಚಿಕೊಂಡಿತು. ಬಿಳಿ ಹುಡಿ ಹಾಸಿಗೆ ತುಂಬ ಉದುರಿತು.

ಒಳಗಿನ ಕಾಲನ್ನು ನೋಡಿ ರಾಯ್ ಇದು ನನ್ನದಲ್ಲ ಎಂದ. ಜೋಳದ ದಂಟಿನಷ್ಟು ತೆಳ್ಳಗೆ, ಬೂದುಬಣ್ಣಕ್ಕೆ ತಿರುಗಿ, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ಜೋರು ಓಡಿದ ಕಾಲು ಅದು. ಸರ್ಜನ್ನರು ಪಾದವನ್ನು ಮೇಲಕ್ಕೆ ಬಗ್ಗಿಸಿ ನೋಡಿದರು, ಅದು ಬಗ್ಗಲಿಲ್ಲ. ಎರಡು ಕಾಲನ್ನೂ ಜೋಡಿಸಿ ಅಳೆದರು. ಎಲುಬು ಕೂಡಿತ್ತು, ಆದರೆ ತುಸು ಗಿಡ್ಡವಾಗಿ ಕೂಡಿತ್ತು, ಕಣಕಾಲು ಬಿಗಿದುಹೋಗಿತ್ತು.

"ನಡೀತೀ. ಬಸ್ ಹಿಡಿಯಾಕ ನಾಕ ಹೆಜ್ಜಿ ಓಡ್ತೀ. ಆಟಕ್ಕ ಆಗೂದಿಲ್ಲ. ಸಾರಿ, ತಮ್ಮಾ" ಎಂದರು. ಅವನ ಹೆಗಲು ತಟ್ಟಿ ಮುಂದಿನ ರೋಗಿಯ ಕಡೆ ಹೋದರು. ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಆ ಮಾತನ್ನು ಹೇಳುವ ಇನ್ನೊಂದು ದಾರಿ ಅವರಿಗೂ ಗೊತ್ತಿರಲಿಲ್ಲ.

ರಾಯ್ ಅಳಲಿಲ್ಲ. ತನ್ನ ಕಾಲನ್ನು ಬೇರೊಬ್ಬರ ಸಾಮಾನು ನೋಡುವ ಹಾಗೆ ನೋಡುತ್ತ ಕುಳಿತ. ನನಗೆ ಅಳು ಬಂತು. ಹುಡಿ ಬಳಿಯುವ ನೆವದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ. ತಲೆ ಎತ್ತಿದರೆ ಬಾಗಿಲಲ್ಲಿ ಅಲನ್ ನಿಂತಿದ್ದ. ಇಲ್ಲಿ ಗಾಜಿನ ಬಾಗಿಲಿರಲಿಲ್ಲ, ಬರಿಯ ಪರದೆ. ಸರ್ಜನ್ನರ ಮಾತು ಅವನಿಗೂ ಕೇಳಿಸಿತ್ತು.

ಅವನು ಒಳಗೆ ಬಂದ. ಮೊಣಕಾಲೂರಿ ಹಾಸಿಗೆಯ ಪಕ್ಕ ಕುಳಿತ. ಆ ತೆಳ್ಳಗಿನ ಕಾಲಿನ ಕಡೆಗೆ ಕೈ ಚಾಚಿದವನು ಮುಟ್ಟಲು ಹೆದರಿದ. ಮುಟ್ಟಿದರೆ ಮತ್ತೆ ಮುರಿಯುತ್ತದೆ ಎಂದುಕೊಂಡನೇನೋ. ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಪ್ಲಾಸ್ಟರಿನ ಹೋಳನ್ನು ಎರಡೂ ಅಂಗೈಯಿಂದ ಮುಟ್ಟಿ, ಅಂಗೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಬಹಳ ಹೊತ್ತು ತೆಗೆಯಲಿಲ್ಲ.

ತೆಗೆದಾಗ ಹುಬ್ಬು, ರೆಪ್ಪೆ, ಹಣೆ ಎಲ್ಲ ಬೆಳ್ಳಗಾಗಿತ್ತು. ನಮ್ಮ ಬಾಗೇವಾಡಿಯಲ್ಲಿ ಮುಂಜಾನೆ ವಿಭೂತಿ ಧರಿಸಿಕೊಂಡು ಹೊರಗೆ ಬಂದವರಂತೆ ಕಾಣುತ್ತಿದ್ದ. ರಾಯ್ ಆ ಮುಖ ನೋಡಿ ಫಕ್ಕನೆ ನಕ್ಕುಬಿಟ್ಟ. ಆ ನಗು ಅರ್ಧಕ್ಕೆ ತುಂಡಾಗಿ ಅಳುವಾಯಿತು. ಅಳುತ್ತಲೇ ಗೋಡೆಯ ಕಡೆಗೆ ಹೊರಳಿದ. ಅಲನ್ ಕಾದ. ನಾನೂ ಕಾದೆ. ರಾಯ್ ಆ 'ಇರ್ಲಿ ಬಿಡ' ಮಾತು ಆಡಲಿಲ್ಲ. ಅಲನ್ ಎದ್ದು, ಮುಖ ಒರೆಸಿಕೊಳ್ಳದೆ, ಹಾಗೆಯೇ ಹೊರಗೆ ಹೋದ.

ನನಗೆ ರಾಯ್‌ನ ಮೇಲೆ ಬಹಳ ಸಿಟ್ಟು ಬಂತು. ಸಂಜೆ ಮಕಾನದಾರರ ಹತ್ತಿರ ಹಾರಾಡಿದೆ.

"ಎರಡ ಮಾತು! ಅಷ್ಟೂ ಅನ್ನಾಕ ಬರಲಿಲ್ಲ ನೋಡ್ರಿ ಅವಗ!"

"ನರ್ಸಬಾಯಿ, ಎಲುಬು ಕೂಡಾಕ ಎಷ್ಟ ತಿಂಗಳ ಕೊಟ್ರಿ? ಇವತ್ತ ಮುಂಜಾನಿ ಅವನ ಜೀವನದ ಆಟ ಮುಗದೈತಿ. ಇದಕ್ಕೂ ಸ್ವಲ್ಪ ದಿನ ಕೊಡ್ರಲ್ಲ."

ಡಾಕ್ಟರು ಹೇಳಿದ್ದು ಸರಿ ಎಂದು ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಅಂದು ರಾಯ್‌ಗೆ ಊಟ ಕೊಡಲು ನಾನು ಹೋಗಲಿಲ್ಲ, ಬೇರೆಯವರನ್ನು ಕಳಿಸಿದೆ.

ಮತ್ತೆ ಅದೇ ಗೆರೆ

ನಾನು ಊರಿಗೆ ಹೊರಡುವ ಮೊದಲಿನ ಶನಿವಾರ. ಚಳಿ ಇಳಿದಿತ್ತು. ರಾಯ್ ಎರಡು ಬಡಿಗೆ ಊರಿ ನಡೆಯುವಷ್ಟಾಗಿದ್ದ. ಮೈದಾನಕ್ಕೆ ಕರೆದುಕೊಂಡು ಹೋಗಿರಿ ಎಂದು ಅವನೇ ಕೇಳಿದ. ಅವನನ್ನು ಗೆರೆಯ ಪಕ್ಕದ ಬೆಂಚಿಗೆ ಕರೆತಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ಕುಳಿತುಕೊಳ್ಳಲಿಲ್ಲ. ಬಡಿಗೆಗಳ ಮೇಲೆ ಭಾರ ಬಿಟ್ಟು ನಿಂತೇ ಇದ್ದ.

ಅಂದು ಅಲನ್ ಆಡುತ್ತಿದ್ದ. ಇನ್ನೊಬ್ಬ ಆಟಗಾರ ಮೊಣಕಾಲು ತಿರುಚಿಕೊಂಡು ನಮ್ಮ ವಾರ್ಡು ಸೇರಿದ್ದರಿಂದ ಬೇರೆ ಗತಿಯಿಲ್ಲದೆ ಇವನನ್ನು ಇಳಿಸಿದ್ದರು. ಇದೊಂದು ಆಟ ನೋಡಿ ಆಮೇಲೆ ಅವನನ್ನು ಕ್ಲಬ್ಬಿನಿಂದ ಬಿಟ್ಟುಬಿಡುತ್ತಾರಂತೆ ಎಂದು ಮಕಾನದಾರರು ಕಿವಿಯಲ್ಲಿ ಹೇಳಿದರು.

ಆಟ ನಡೆಯಿತು. ಎದುರು ತಂಡದವರಿಗೆ ಬೇಗನೆ ಗೊತ್ತಾಗಿಹೋಯಿತು, ಈ ಎತ್ತರದವನು ಕಾಲು ಹಾಕುವುದಿಲ್ಲ ಎಂದು. ಅವನ ಮಗ್ಗುಲಿಗೇ ಚೆಂಡು ಒಯ್ಯತೊಡಗಿದರು. ಅವನು ಜೊತೆಗೆ ಓಡುತ್ತಿದ್ದ, ಹತ್ತಿರ ಬಂದಾಗ ಕಾಲು ತಡೆದು ನಿಲ್ಲುತ್ತಿದ್ದ. ಹಿಂದಿನಿಂದ ಜನ ಬೈಯತೊಡಗಿದರು. ನಮ್ಮೂರಿನ ಸಂತೆಯ ಬೈಗುಳ ಕೇಳಿ ಬೆಳೆದ ನನಗೂ ಕಿವಿ ಮುಚ್ಚಿಕೊಳ್ಳುವಂತಾಯಿತು. ರಾಯ್‌ನ ದವಡೆ ಬಿಗಿದುಕೊಂಡಿತ್ತು. ಒಮ್ಮೆ, ಅಲನ್ ಹಾಗೆ ತಡೆದು ನಿಂತಾಗ, ರಾಯ್‌ನ ಬಾಯಿಂದ ನೋವಾದವರ ಹಾಗೆ ಒಂದು ಸಣ್ಣ ಉಸಿರು ಹೊರಟಿತು.

ಕೊನೆಕೊನೆಗೆ ಒಬ್ಬ ಹುಡುಗ ನಮ್ಮ ಗೆರೆಗುಂಟವೇ ಚೆಂಡು ತಂದ. ರಾಯ್ ಓಡುತ್ತಿದ್ದ ದಾರಿ ಅದು. ಅಲನ್ ಬೆನ್ನು ಹತ್ತಿ ಬಂದ. ಈ ಸಲ ತಡೆಯಲಿಲ್ಲ. ಕೆಸರಿನಲ್ಲಿ ಜಾರಿ ಬಂದು ಕಾಲು ಹಾಕಿದ. ಚೆಂಡು ಗೆರೆಯಾಚೆ ಹೋಯಿತು. ಹುಡುಗ ಅವನ ಕಾಲಿನ ಮೇಲೆ ಹಾಯ್ದು ನಮ್ಮ ಎದುರಿಗೇ ಬಿದ್ದ. ಬಿದ್ದವನು ಏಳಲಿಲ್ಲ.

ಬಕೆಟ್ಟಿನ ಮುದುಕ ಓಡಿ ಬರುತ್ತಿದ್ದ. ಅಲನ್ ಎದ್ದು ನಿಂತ. ಮುಖ ಅಂದಿನ ಪ್ಲಾಸ್ಟರ್ ಹುಡಿಯಷ್ಟೇ ಬೆಳ್ಳಗಾಗಿತ್ತು. ಅವನು ಬಿದ್ದವನನ್ನು ನೋಡಲಿಲ್ಲ. ತಲೆ ಎತ್ತಿ ರಾಯ್‌ನನ್ನು ನೋಡಿದ.

ಬಿದ್ದ ಹುಡುಗ ಅಷ್ಟರಲ್ಲಿ ಮುಖದ ಕೆಸರು ಒರೆಸಿಕೊಳ್ಳುತ್ತ ಎದ್ದು ಕುಳಿತ. ಕಣಕಾಲು ಉಜ್ಜಿಕೊಂಡ, ಎದ್ದು ಹೊರಟ. ಅವನಿಗೇನೂ ಆಗಿರಲಿಲ್ಲ. ಆದರೆ ಅಲನ್ ನಿಂತಲ್ಲೇ ನಿಂತಿದ್ದ.

ರಾಯ್ ಒಂದು ಬಡಿಗೆಯನ್ನು ಮೇಲಕ್ಕೆತ್ತಿದ. ಕೊರಳ ನರ ಉಬ್ಬುವಂತೆ ಕೂಗಿದ.

"ಇಲ್ಲೀ ಬೀಡಾ! ಇಲ್ಲೀ ಬೀಡಾ, ಅಲನ್!"

ಸುತ್ತಲಿನವರು ಇದ್ಯಾವ ಬೈಗುಳ ಎಂದು ತಿರುಗಿ ನೋಡಿದರು. ಅಷ್ಟು ಸಾವಿರ ಜನರಲ್ಲಿ ಅದು ತಿಳಿದದ್ದು ನಾಲ್ಕೇ ಮಂದಿಗೆ. ಅಲನ್‌ಗೆ ಆ ಮಾತಿನ ಅರ್ಥ ಯಾರು ಹೇಳಿದ್ದರು ಎಂದು ನಾನು ಮಕಾನದಾರರ ಕಡೆ ನೋಡಿದೆ. ಅವರು ಕೋಟಿನ ಕಾಲರಿನಲ್ಲಿ ಮುಖ ಹುದುಗಿಸಿಕೊಂಡಿದ್ದರು, ಈ ಸಲ ನಾಚಿಕೆಗಲ್ಲ. "ಇವತ್ತು ಚಟ್ನಿ ತಿಂದಿಲ್ಲಲ್ರಿ ಡಾಕ್ಟರ" ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ನಾನೂ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅಲನ್ ಅಂಗೈಯನ್ನು ಒಮ್ಮೆ ಕಣ್ಣಿನ ಮೇಲೆ ಎಳೆದುಕೊಂಡು ಓಡತೊಡಗಿದ.

"ನಾ ಸರಿ ಅಂದ್ನೇನ್ರಿ, ಅಕ್ಕಾರ?" ಎಂದು ರಾಯ್ ಕೇಳಿದ.

"ಸರಿ ಅಂದ್ರಿ" ಎಂದೆ.

ಆಟ ಮುಗಿಯುವ ತನಕ ಅವನು ಕುಳಿತುಕೊಳ್ಳಲೇ ಇಲ್ಲ. ಅಲನ್ ಚೆಂಡಿನ ಹಿಂದೆ ಓಡಿದಾಗಲೆಲ್ಲ, ಎರಡು ಬಡಿಗೆಗಳ ನಡುವೆ ರಾಯ್‌ನ ಆ ತೆಳ್ಳಗಿನ ಬಲಗಾಲು ನೆಲ ಬಿಟ್ಟು ತುಸು ಮೇಲೇಳುತ್ತಿತ್ತು.